ಹಳೇ ಗಾಡಿಗೆ ಮುಂದಿನ ಮಾಡೆಲ್‌ನ ಚಕ್ರ: ಅಳತೆ, ಬುಷ್, ಬೇರಿಂಗ್

ಆಕ್ಸಲ್ (ಚಕ್ರದ ಅಚ್ಚು) ತೂರಿತು, ನಟ್ ಬಿಗಿಯಾಯಿತು, ಕೈಯಲ್ಲಿ ತಳ್ಳಿದರೆ ಚಕ್ರ ತಿರುಗಿತು. ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಂಡರೆ ಬೇರಿಂಗ್ ಬೇಗ ಬುದ್ಧಿ ಕಲಿಸುತ್ತದೆ. ಬೈಕಿಗೆ ಬೇರೆ ವರ್ಷದ ಮಾಡೆಲ್‌ನ ಚಕ್ರ ಹಾಕುವಾಗ ನೋಡಬೇಕಾದದ್ದು ಚಕ್ರ ಒಳಗೆ ಹಿಡಿಸುತ್ತದೆಯೇ ಅನ್ನುವುದನ್ನಲ್ಲ. ನಟ್ ಬಿಗಿ ಮಾಡಿದಾಗ ಆ ಒತ್ತಡ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದನ್ನು ನೋಡಬೇಕು. ಫೋರ್ಕ್ ಕಾಲು (ಮುಂದಿನ ಚಕ್ರ ಹಿಡಿಯುವ ಕವೆಯ ಕಾಲು), ಬುಷ್ (ಆಕ್ಸಲ್ ಮೇಲೆ ಕೂರುವ ಕೊಳವೆ ತುಂಡು), ಬೇರಿಂಗ್‌ನ ಒಳ ರಿಂಗ್, ಹಬ್ (ಚಕ್ರದ ನಡುಭಾಗ) ಒಳಗಿನ ಸ್ಪೇಸರ್ ಟ್ಯೂಬ್ (ಎರಡು ಬೇರಿಂಗ್‌ಗಳ ನಡುವಿನ ಕೊಳವೆ), ಮತ್ತೆ ಒಳ ರಿಂಗ್, ಬುಷ್, ಆಚೆ ಕಾಲು: ಇದಿಷ್ಟೂ ಸಂದಿಲ್ಲದ ಒಂದೇ ಕಂಬದಂತೆ ನಿಲ್ಲಬೇಕು. ಕಂಬದಲ್ಲಿ ಎಲ್ಲೇ ಸಂದು ಉಳಿದರೂ ಅದನ್ನು ಬೇರಿಂಗ್ ತುಂಬುತ್ತದೆ, ಇಲ್ಲವೇ ಫೋರ್ಕ್ ಬಾಗಿ ತುಂಬುತ್ತದೆ.

ಕೆಲಸಕ್ಕೆ ತೆಗೆದುಕೊಂಡದ್ದು 18 ಇಂಚಿನ ಸ್ಪೋಕ್ ಚಕ್ರದ, ಟ್ಯೂಬ್ ಟೈರಿನ ಗಾಡಿ. ಹಾಕಬೇಕಿದ್ದದ್ದು ಅದೇ ಗಾಡಿಯ ಮುಂದಿನ ಮಾಡೆಲ್‌ಗೆ ಬಂದ 17 ಇಂಚಿನ ಟ್ಯೂಬ್‌ಲೆಸ್ ಅಲಾಯ್. ಟೈರ್ ಅಳತೆ ಮುಂದೆ 90/90-18 ಹೋಗಿ 100/80-17, ಹಿಂದೆ 110/90-18 ಹೋಗಿ 130/70-17. ಎರಡೂ ಮಾಡೆಲ್‌ನಲ್ಲಿ ಮುಂದೆ ಹಿಂದೆ ಡಿಸ್ಕ್ ಬ್ರೇಕ್. ಹೆಸರು ಒಂದೇ ಆದರೂ ಆಕ್ಸಲ್ ಒಂದೇ ಅಲ್ಲ: ಹಳೇದರಲ್ಲಿ ಮುಂದೆ 15, ಹಿಂದೆ 17 ಮಿ.ಮೀ.; ಹೊಸ ಹಬ್‌ಗಳೆರಡೂ 20 ಮಿ.ಮೀ. ಆಕ್ಸಲ್‌ಗೆ ಮಾಡಿದವು.

ಹಳೇ ಚಕ್ರ ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಬೇಕಾದ ಅಳತೆಗಳಿವೆ. ಬಿಚ್ಚಿದ ಮೇಲೆ ಅವು ಸಿಗುವುದಿಲ್ಲ. ಫೋರ್ಕ್ ಪೈಪಿನಿಂದ ರಿಮ್ ಅಂಚಿಗೆ ಎರಡೂ ಕಡೆ ಎಷ್ಟು, ಎಡಗಾಲಿನ ಒಳಮುಖದಿಂದ ಡಿಸ್ಕ್‌ನ ನಡುವಿಗೆ ಎಷ್ಟು, ಹಿಂದೆ ಸ್ವಿಂಗ್ ಆರ್ಮ್‌ನಿಂದ (ಹಿಂದಿನ ಚಕ್ರ ಹಿಡಿಯುವ ತೋಳು) ರಿಮ್‌ಗೆ ಎರಡೂ ಕಡೆ ಎಷ್ಟು, ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಚಕ್ರ) ಹಲ್ಲಿನ ನಡುವಿಗೆ ಎಷ್ಟು, ಸ್ಟ್ಯಾಂಡ್ ಇಲ್ಲದೆ ನಿಂತಾಗ ಸೀಟು ನೆಲದಿಂದ ಎಷ್ಟು ಎತ್ತರ. ಹಿಂದಿನ ರಿಮ್ ಆರ್ಮ್‌ನ ಸರಿಯಾದ ನಡುವಲ್ಲೇ ಇರಬೇಕೆಂದಿಲ್ಲ. ಕೆಲವು ಗಾಡಿಗಳಲ್ಲಿ ಆರ್ಮೇ ಒಂದು ಕಡೆ ಉಬ್ಬಿರುತ್ತದೆ. ಗಾಡಿಯ ನಡುಗೆರೆ ಎಲ್ಲಿದೆ ಎಂದು ಹೇಳುವುದು ನೇರವಾಗಿ ಓಡುತ್ತಿದ್ದ ಹಳೇ ಚಕ್ರ ಮಾತ್ರ.

ಚಕ್ರ ಕೊಳ್ಳುವಾಗಲೇ

ಹಳೇ ಬೇರಿಂಗ್ ಹಾಗೇ ಇಟ್ಟು, ಆಕ್ಸಲ್ ಹಾಕಿ, ವೈಸ್‌ನಲ್ಲಿ ಹಿಡಿದು ಡಯಲ್ ಗೇಜ್ ಇಟ್ಟು ತಿರುಗಿಸಿದರೆ ರಿಮ್ ಓಲಾಟ ತಿಳಿಯುತ್ತದೆ. ಅನೇಕ ಸರ್ವಿಸ್ ಮ್ಯಾನ್ಯುಯಲ್‌ಗಳು 2.0 ಮಿ.ಮೀ. ತನಕ ನಡೆಯುತ್ತದೆ ಎನ್ನುತ್ತವೆ. ಆದರೆ ಅಲಾಯ್ ಚಕ್ರ 1 ಮಿ.ಮೀ. ಓಲಾಡಿದರೂ ಎಲ್ಲೋ ಹಳ್ಳಕ್ಕೆ ಬಿದ್ದು ಬಂದಿದೆ ಎಂದೇ ಅರ್ಥ. ಬೇರಿಂಗ್ ಆಟವಾಡುತ್ತಿದ್ದರೆ ಈ ಅಳತೆ ಸುಳ್ಳಾಗುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ. ಕಡ್ಡಿ ರಿಮ್‌ಗೆ ಸೇರುವ ಬುಡದಲ್ಲಿ ಕೂದಲೆಳೆಯ ಬಿರುಕು, ಟೈರ್ ಅಂಚು ಕೂರುವ ಜಾಗದಲ್ಲಿ ತಗ್ಗು, ಡಿಸ್ಕ್ ಬೋಲ್ಟ್‌ನ ಎಳೆ, ಸ್ಪ್ರಾಕೆಟ್ ಕ್ಯಾರಿಯರ್ (ಹಿಂದಿನ ಸ್ಪ್ರಾಕೆಟ್ ಹೊತ್ತ ಭಾಗ) ಕೂರುವ ಗೂಡು: ಇವು ನೋಡಲೇಬೇಕಾದವು. ಬಿರುಕಿಗೆ ವೆಲ್ಡಿಂಗ್ ಮಾಡಿದ ಅಲಾಯ್‌ ಅನ್ನು ಮುಟ್ಟಬಾರದು, ಎಷ್ಟೇ ನುಣುಪಾಗಿ ಬಣ್ಣ ಬಳಿದಿದ್ದರೂ.

ಚಕ್ರದ ಜೊತೆಗೆ ಹೊಸ ಮಾಡೆಲ್‌ನ ಸ್ಪ್ರಾಕೆಟ್ ಕ್ಯಾರಿಯರ್, ಅದರ ಒಳಗಿನ ಟೋಪಿ ಬುಷ್, ಎರಡೂ ಸ್ಪೇಸರ್ ಟ್ಯೂಬ್, ಸ್ಪೀಡೋ ಡ್ರೈವ್ (ಸ್ಪೀಡೋಮೀಟರ್ ಓಡಿಸುವ ಭಾಗ), ಹಿಂದಿನ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಬ್ರಾಕೆಟ್, ಡಿಸ್ಕ್‌ಗಳು, ಆಕ್ಸಲ್ ಬುಷ್‌ಗಳು, ಇವಿಷ್ಟೂ ಬರಲಿ. ಬಳಸದಿದ್ದರೂ ಅಳತೆಗೆ ಬೇಕು. ಬರೀ ಚಕ್ರ ಅಗ್ಗಕ್ಕೆ ತಂದು ಉಳಿದದ್ದನ್ನು ಹುಡುಕುತ್ತಾ ಕೂತ ಕೆಲಸ ಅರ್ಧಕ್ಕೇ ನಿಲ್ಲುವುದು ಹೆಚ್ಚು.

ಎಬಿಎಸ್ ಇರುವ ಗಾಡಿಯಾದರೆ ಸೆನ್ಸರ್ ರಿಂಗಿನ ಹಲ್ಲು ಎಣಿಸಿ. ಹಳೇ ರಿಂಗಿನಷ್ಟೇ ಹಲ್ಲು ಇಲ್ಲದಿದ್ದರೆ ಕಂಟ್ರೋಲ್ ಯೂನಿಟ್‌ಗೆ ಚಕ್ರದ ವೇಗ ತಪ್ಪಾಗಿ ಹೋಗುತ್ತದೆ. ಈ ಗಾಡಿಯಲ್ಲಿ ಎಬಿಎಸ್ ಇರಲಿಲ್ಲ, ಒಂದು ತಲೆನೋವು ಕಡಿಮೆ.

ಬೇರಿಂಗ್ ನಂಬರಿನ ಆಟ

ಆಕ್ಸಲ್ ದಪ್ಪ ಬೇರೆಯಾದಾಗ ಮೊದಲು ನೋಡಬೇಕಾದದ್ದು ಬೇರಿಂಗ್ ಪಟ್ಟಿ. ಹೊರ ವ್ಯಾಸ ಒಂದೇ ಇದ್ದು ಒಳ ವ್ಯಾಸ ಬೇರೆಯಿರುವ ಜೋಡಿಗಳು ಸಾಕಷ್ಟಿವೆ. ಹಬ್‌ನಲ್ಲಿ ಬೇರಿಂಗ್ ಕೂರುವ ಗೂಡಿನ ವ್ಯಾಸದ ಪ್ರಕಾರ, ಒಳ, ಹೊರ, ಅಗಲ ಎಂಬ ಕ್ರಮದಲ್ಲಿ, ಮಿ.ಮೀ. ಲೆಕ್ಕದಲ್ಲಿ:

35ರ ಗೂಡಿಗೆ 6202 (15×35×11), 6003 (17×35×10)
42ರ ಗೂಡಿಗೆ 6302 (15×42×13), 6004 (20×42×12)
47ರ ಗೂಡಿಗೆ 6303 (17×47×14), 6204 (20×47×14), 6005 (25×47×12)
52ರ ಗೂಡಿಗೆ 6304 (20×52×15), 6205 (25×52×15)

ಹಿಂದಿನ ಹಬ್‌ನಲ್ಲಿದ್ದದ್ದು 6204. ಅದರ ಜಾಗಕ್ಕೆ 6303 ಹಾಕಿದರೆ ಹೊರ ವ್ಯಾಸವೂ ಅದೇ, ಅಗಲವೂ ಅದೇ, ಒಳಗೆ ಮಾತ್ರ 17. ಹಳೇ ಆಕ್ಸಲ್ ನೇರವಾಗಿ ಕೂರುತ್ತದೆ, ಹಬ್‌ಗೆ ಲೇತ್ ಮುಟ್ಟಿಸುವ ಕೆಲಸವೇ ಇಲ್ಲ. ಇಂಥ ಜೋಡಿ ಸಿಕ್ಕಿದರೆ ಬುಷ್ ಮಾಡುವ ಯೋಚನೆಯನ್ನೇ ಬಿಡಬೇಕು.

ಮುಂದೆ ಅಷ್ಟು ಸುಲಭವಾಗಲಿಲ್ಲ. ಅಲ್ಲಿದ್ದದ್ದು 6004. ಅದೇ ಗೂಡಿಗೆ 15ರ ಬೇರಿಂಗ್ ಎಂದರೆ 6302, ಅದು 1 ಮಿ.ಮೀ. ಅಗಲ ಹೆಚ್ಚು. ಗೂಡಿನ ತಳಕ್ಕೆ ಕೂತ ಮೇಲೆ 1 ಮಿ.ಮೀ. ಹೊರಗೆ ಉಳಿದು, ಡಿಸ್ಕ್ ಕಡೆಯ ಸರ್ಕ್ಲಿಪ್ (ಬೇರಿಂಗ್ ಹೊರಬರದಂತೆ ಹಿಡಿಯುವ ಬಳೆ) ತನ್ನ ಕಚ್ಚಿಗೆ ಇಳಿಯುವುದಿಲ್ಲ. ಗೂಡನ್ನು 1 ಮಿ.ಮೀ. ಆಳ ಮಾಡಿಸಬಹುದು. ಆದರೆ ಅಲಾಯ್ ಚಕ್ರವನ್ನು ಲೇತ್‌ಗೆ ಸರಿಯಾಗಿ ಕಟ್ಟಿ ಸೆಂಟರ್ ಹಿಡಿಯುವುದು ಎಲ್ಲ ಟರ್ನರ್‌ಗೂ ಆಗುವ ಮಾತಲ್ಲ, ತಪ್ಪಿದರೆ ಹಬ್ಬೇ ಹೋಯಿತು. ಸರ್ಕ್ಲಿಪ್ ಬಿಟ್ಟು ಓಡಿಸುವುದಂತೂ ಬೇಡವೇ ಬೇಡ. ಹಾಗಾಗಿ 6004 ಅನ್ನೇ ಉಳಿಸಿ, 20ರ ಒಳಗೆ 15ರ ಆಕ್ಸಲ್ ಕೂರಿಸಲು ಬುಷ್ ಮಾಡುವುದೆಂದಾಯಿತು. ಗೋಡೆ 2.5 ಮಿ.ಮೀ. ದಪ್ಪ ಬರುತ್ತದೆ, ಉಕ್ಕಿನಲ್ಲಿ ಅದು ಸಾಕು. 1 ಮಿ.ಮೀ. ಗೋಡೆಯ ಬುಷ್ ಆಗುವ ಹಾಗಿದ್ದರೆ ಈ ದಾರಿ ಹಿಡಿಯಬಾರದು.

ಮುಂದಿನ ಚಕ್ರದ ನಡು

ಚಕ್ರ ಎಲ್ಲಿ ನಿಲ್ಲಬೇಕು ಎಂದು ಹೇಳುವುದು ರಿಮ್‌ನ ನಡು, ಹಬ್‌ನ ನಡು ಅಲ್ಲ. ಅಲಾಯ್ ಚಕ್ರದಲ್ಲಿ ಇವೆರಡೂ ಬೇರೆಬೇರೆ ಇರುವುದು ಸಾಮಾನ್ಯ.

ಚಕ್ರವನ್ನು ಮಟ್ಟದ ಮೇಜಿನ ಮೇಲೆ ಮಲಗಿಸಿ. ಬೇರಿಂಗ್ ಮುಖ ರಿಮ್ ಅಂಚಿಗಿಂತ ಮೇಲೆ ಇರುವುದರಿಂದ ಪಟ್ಟಿ ನೇರವಾಗಿ ಕೂರುವುದಿಲ್ಲ. ಒಂದೇ ಎತ್ತರದ ಎರಡು ಕಟ್ಟೆಗಳನ್ನು, ಇಲ್ಲಿ 30 ಮಿ.ಮೀ., ರಿಮ್ ಅಂಚಿನ ಮೇಲೆ ಎದುರುಬದುರು ಇಟ್ಟು ಮೇಲೆ ಉಕ್ಕಿನ ಪಟ್ಟಿ ಇಡಬೇಕು. ಪಟ್ಟಿಯಿಂದ ಕೆಳಗೆ ಬೇರಿಂಗ್‌ನ ಒಳ ರಿಂಗಿಗೆ ಡೆಪ್ತ್ ಗೇಜ್ ಇಳಿಸಿ, ಬಂದದ್ದನ್ನು 30ರಿಂದ ಕಳೆದರೆ ಒಳ ರಿಂಗ್ ಅಂಚಿಗಿಂತ ಎಷ್ಟು ಹೊರಗಿದೆ ಎಂದು ಸಿಗುತ್ತದೆ. ಎಡಕ್ಕೆ 21.9 ಬಂತು, ಅಂದರೆ 8.1 ಹೊರಗೆ. ಬಲಕ್ಕೆ 18.0, ಅಂದರೆ 12.0 ಹೊರಗೆ. ರಿಮ್‌ನ ಹೊರ ಅಗಲ 76. ಹಾಗಾಗಿ ರಿಮ್‌ನ ನಡುವಿನಿಂದ ಎಡ ಬೇರಿಂಗ್ ಮುಖಕ್ಕೆ 38 + 8.1 = 46.1, ಬಲಕ್ಕೆ 38 + 12.0 = 50.0. ಎರಡೂ ಕೂಡಿದರೆ 96.1. ವರ್ನಿಯರ್‌ನಲ್ಲಿ ಬೇರಿಂಗ್ ಮುಖದಿಂದ ಮುಖಕ್ಕೆ ನೇರವಾಗಿ ಅಳೆದಾಗಲೂ 96.1 ಬಂತು. ಈ ತಾಳೆ ನೋಡದೆ ಮುಂದೆ ಹೋಗಬಾರದು.

ಫೋರ್ಕ್ ಕಾಲುಗಳ ಒಳಮುಖದ ನಡುವೆ 148. ಆದರೆ ಕೆಳಗಿನ ಎರಕದ ಕಾಲು ಎರಡೂ ಕಡೆ ಒಂದೇ ದಪ್ಪ ಇರಬೇಕೆಂದಿಲ್ಲ. ಮೇಲಿನ ಪೈಪುಗಳಿಂದ ಅಳೆದು ಒಳಮುಖಗಳು ನಡುಗೆರೆಗೆ ಸಮವಾಗಿವೆಯೇ ನೋಡಿಕೊಳ್ಳಬೇಕು. ಇಲ್ಲಿ ಸಮವಾಗಿದ್ದವು, ಒಂದೊಂದು ಕಡೆ 74. ಎಡ ಬುಷ್ 74 − 46.1 = 27.9. ಬಲಕ್ಕೆ 74 − 50 = 24.0. ಮತ್ತೊಮ್ಮೆ ಕೂಡಿ: 27.9 + 96.1 + 24.0 = 148.

ಬಲಗಡೆ ಸ್ಪೀಡೋ ಡ್ರೈವ್ ಕೂರುತ್ತದೆ, ಅದರ ದಪ್ಪ 21.5. ಉಳಿದದ್ದು 2.5. ಆ 2.5ನ್ನು ಬೇರಿಂಗ್ ಮತ್ತು ಡ್ರೈವ್ ನಡುವೆ ವಾಷರ್ ಹಾಕಿ ತುಂಬಬಾರದು. ಹಾಗೆ ಮಾಡಿದರೆ ಡ್ರೈವ್ ಅಷ್ಟು ದೂರ ಸರಿದು, ಅದರ ನಾಲಿಗೆಗಳು ಹಬ್‌ನ ಕಚ್ಚಿಗೆ ಅರ್ಧವಷ್ಟೇ ಸಿಕ್ಕು ಮುರಿಯುತ್ತವೆ. ವಾಷರ್ ಡ್ರೈವ್‌ಗೂ ಫೋರ್ಕ್ ಕಾಲಿಗೂ ನಡುವೆ ಇರಬೇಕು.

ಬುಷ್ ಎರಡು ಸಲ ಮಾಡಿಸಿದ್ದು ಯಾಕೆ

ಮೊದಲ ಜೋಡಿ ಹೀಗಿತ್ತು: ಎಡಗಡೆ 27.9 ಉದ್ದದ ಕತ್ತು, ಅದರ ತುದಿಯಲ್ಲಿ ಬೇರಿಂಗ್ ಒಳಗೆ ಹೋಗುವ 20 ವ್ಯಾಸದ ಮೂತಿ, 11.5 ಉದ್ದ. ಬೇರಿಂಗ್ ಅಗಲ 12 ಇರುವಾಗ 11.5 ಸರಿಯೆಂದೇ ಲೆಕ್ಕ. ಆದರೆ ಹಬ್ ಒಳಗಿನ ಸ್ಪೇಸರ್ ಟ್ಯೂಬ್ 20ರ ಆಕ್ಸಲ್‌ಗೆ ಮಾಡಿದ್ದು, ಅದರ ಒಳ ವ್ಯಾಸ 20.5. ಈಗ ಅದರೊಳಗೆ 15ರ ಆಕ್ಸಲ್. ಟ್ಯೂಬ್ ಒಂದು ಕಡೆ ಜೋತುಬಿದ್ದು, ಆಕ್ಸಲ್ ತೂರುವಾಗ ಅದರ ಅಂಚಿಗೆ ಟಕ್ ಎಂದು ತಾಗಿ ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ ಬೇರಿಂಗ್ ರಂಧ್ರದ ಕೆಳಗೆ ಟ್ಯೂಬಿನ ಅಂಚು ಅರ್ಧಚಂದ್ರದಂತೆ ಕಾಣುತ್ತಿತ್ತು. ಹೇಗೋ ಎತ್ತಿ ತೂರಿಸಿ ಬಿಗಿ ಮಾಡಬಹುದಿತ್ತು, ಆದರೆ ಆಗ ಟ್ಯೂಬ್ ಒಳ ರಿಂಗಿನ ಅರ್ಧ ಮುಖವನ್ನಷ್ಟೇ ಒತ್ತುತ್ತದೆ.

ಎರಡನೇ ದೋಷ ಇನ್ನೂ ಕೆಟ್ಟದ್ದು. ಬುಷ್‌ನ ಎರಡು ಮುಖಗಳನ್ನು ಬೇರೆಬೇರೆ ಹಿಡಿತದಲ್ಲಿ ಕಡೆದಿದ್ದರಿಂದ ಅವು ಸಮಾಂತರವಾಗಿರಲಿಲ್ಲ. ಮೈಕ್ರೋಮೀಟರ್ ಇಟ್ಟು ಸುತ್ತ ಅಳೆದಾಗ ಒಂದು ಕಡೆ 0.12 ಹೆಚ್ಚು. ಇಂಥ ಬುಷ್‌ ಅನ್ನು ಬಿಗಿ ಮಾಡಿದರೆ ಆಕ್ಸಲ್ ಬಾಗುತ್ತದೆ, ಬೇರಿಂಗ್‌ನ ಒಳ ರಿಂಗ್ ಓರೆಯಾಗಿ ಕೂರುತ್ತದೆ.

ಎರಡನೇ ಜೋಡಿಯಲ್ಲಿ ಮೂತಿಯನ್ನು 18 ಮಿ.ಮೀ. ಉದ್ದ ಮಾಡಲಾಯಿತು. ಬೇರಿಂಗ್ ದಾಟಿ 6 ಮಿ.ಮೀ. ಟ್ಯೂಬಿನೊಳಕ್ಕೂ ಹೋಗಿ ಅದನ್ನು ನಡುವಿನಲ್ಲಿ ಹಿಡಿಯುತ್ತದೆ. ತುದಿಗೆ 2 ಮಿ.ಮೀ. ಇಳಿಜಾರು ಕೊಟ್ಟದ್ದರಿಂದ ಜೋತುಬಿದ್ದ ಟ್ಯೂಬ್ ತಾನೇ ಎತ್ತಿಕೊಳ್ಳುತ್ತದೆ. ಬಲಗಡೆ ಒಂದೇ ತುಂಡು: 2.5 ದಪ್ಪದ ತಲೆ, ಅದರಿಂದ 39.5 ಉದ್ದದ ಮೈ. ಇದು ಡ್ರೈವ್‌ನ 21.5, ಬೇರಿಂಗ್‌ನ 12 ದಾಟಿ 6 ಮಿ.ಮೀ. ಟ್ಯೂಬಿನೊಳಗೆ ಇಳಿಯುತ್ತದೆ. ತಲೆಯಿರುವುದರಿಂದ ಮೈ ಒಳಗೆ ಜಾರಿಹೋಗುವ ಭಯವಿಲ್ಲ, ಬೇರೆ ವಾಷರ್ ಕೂಡ ಬೇಡ.

ಟರ್ನರ್‌ಗೆ ಕೊಡುವ ಚೀಟಿಯಲ್ಲಿ ಬರೆಯಬೇಕಾದದ್ದು: ವಸ್ತು ಇಎನ್8 ಅಥವಾ ಅದಕ್ಕೆ ಸಮನಾದ ಉಕ್ಕು, ಅಲ್ಯೂಮಿನಿಯಂ ಬೇಡ, ಒಳ ರಿಂಗಿನ ಗಟ್ಟಿ ಅಂಚು ಅದರಲ್ಲಿ ತಗ್ಗು ಮಾಡುತ್ತದೆ. ಮೂತಿಯ ಹೊರ ವ್ಯಾಸ 20ಕ್ಕಿಂತ 0.01ರಿಂದ 0.02 ಕಡಿಮೆ, ಕೈಯಲ್ಲಿ ಒತ್ತಿದರೆ ಬೇರಿಂಗ್‌ಗೆ ಇಳಿಯಬೇಕು. ರಂಧ್ರ 15ಕ್ಕಿಂತ 0.03ರಿಂದ 0.05 ಹೆಚ್ಚು. ರಂಧ್ರ, ಮೂತಿ, ಬೇರಿಂಗ್ ಒತ್ತುವ ಮುಖ, ಮೂರನ್ನೂ ಒಂದೇ ಹಿಡಿತದಲ್ಲಿ ಮುಗಿಸಬೇಕು. ಆಚೆ ಮುಖವನ್ನು ಮ್ಯಾಂಡ್ರಿಲ್ (ರಂಧ್ರದೊಳಗೆ ತೂರಿಸಿ ಹಿಡಿಯುವ ಸರಳು) ಮೇಲೆ ಏರಿಸಿ ಕಡೆಯಬೇಕು. ಎರಡೂ ಮುಖಗಳ ವ್ಯತ್ಯಾಸ 0.02 ಮೀರಬಾರದು.

ಎಡ ಬುಷ್‌ನ ಕತ್ತಿನ ಮೇಲೆ ಡಸ್ಟ್ ಸೀಲಿನ ತುಟಿ ಉಜ್ಜುತ್ತದೆ, ಅಲ್ಲಿ ವ್ಯಾಸ ಸೀಲಿಗೆ ತಕ್ಕಂತೆ 28, ನುಣುಪಾಗಿ ಪಾಲಿಶ್. ಆದರೆ 28ರ ಮುಖ ನೇರವಾಗಿ ಬೇರಿಂಗ್‌ಗೆ ಒತ್ತಿದರೆ ಅದು ಒಳ ರಿಂಗ್ ದಾಟಿ ರಬ್ಬರ್ ಮುಚ್ಚಳಕ್ಕೆ ತಾಗುತ್ತದೆ. ಅದಕ್ಕೆ ಬೇರಿಂಗ್ ಕಡೆಯ ಕೊನೆಯ 1.5 ಮಿ.ಮೀ. ಉದ್ದವನ್ನು 26 ವ್ಯಾಸಕ್ಕೆ ಇಳಿಸಬೇಕು. ಈ ಮೆಟ್ಟಿಲು ಮರೆತ ಬುಷ್ ಮುಚ್ಚಳವನ್ನು ಉಜ್ಜಿ ಹರಿಯುತ್ತದೆ. ಗ್ರೀಸ್ ಹೊರಗೆ, ನೀರು ಒಳಗೆ.

ಬೇರಿಂಗ್ ಕೂರಿಸುವುದು, ಟ್ಯೂಬಿನ ಉದ್ದ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಇದು. ಹಬ್‌ನ ಎರಡು ಗೂಡುಗಳ ತಳದ ನಡುವಿನ ದೂರಕ್ಕಿಂತ ಟ್ಯೂಬ್ ಒಂದು ಕೂದಲಷ್ಟು ಉದ್ದ ಇರಬೇಕು, 0.1 ಮಿ.ಮೀ. ಆಸುಪಾಸು. ಮುಂದಿನ ಹಬ್‌ನಲ್ಲಿ ತಳದಿಂದ ತಳಕ್ಕೆ 72.0, ಟ್ಯೂಬ್ 72.1. ಟ್ಯೂಬ್ 71.8 ಇದ್ದಿದ್ದರೆ? ನಟ್ ಬಿಗಿ ಮಾಡಿದಷ್ಟೂ ಒಳ ರಿಂಗ್‌ಗಳು ಒಂದರ ಕಡೆಗೊಂದು ಸರಿಯುತ್ತವೆ, ಹೊರ ರಿಂಗ್‌ಗಳು ಗೂಡಿನ ತಳದಲ್ಲೇ ನಿಲ್ಲುತ್ತವೆ, ಗುಂಡುಗಳು ಅಡ್ಡಕ್ಕೆ ಸಿಕ್ಕಿಕೊಳ್ಳುತ್ತವೆ. ಗುರುತು ಸುಲಭ: ನಟ್ ಸಡಿಲವಿದ್ದಾಗ ಚಕ್ರ ಹಗುರವಾಗಿ ತಿರುಗುತ್ತದೆ, ಬಿಗಿ ಮಾಡಿದ ಮೇಲೆ ಭಾರವಾಗುತ್ತದೆ. ಇದಕ್ಕೆ ನಟ್ ಸ್ವಲ್ಪ ಸಡಿಲ ಬಿಟ್ಟು ಓಡಿಸಿ ಎಂದು ಸಲಹೆ ಕೊಡುವವರಿದ್ದಾರೆ. ಅವರ ಮಾತು ಕೇಳಬೇಡಿ.

ಹಿಂದಿನ ಟ್ಯೂಬ್ ಹೊಸದಾಗಿ ಮಾಡಬೇಕಾಯಿತು. ಬೇರಿಂಗ್ 6303 ಆದ ಮೇಲೆ ಆಕ್ಸಲ್ 17, ಚಕ್ರದ ಜೊತೆ ಬಂದ ಹಳೇ ಟ್ಯೂಬಿನ ರಂಧ್ರ 20ಕ್ಕೂ ಹೆಚ್ಚು. ಅಲ್ಲಿ ಎತ್ತಿ ಹಿಡಿಯಲು ಬುಷ್ ಮೂತಿಯೂ ಇಲ್ಲ. ಉದ್ದ ಹಳೇ ಟ್ಯೂಬಿನಷ್ಟೇ, ಹೊರ ವ್ಯಾಸ 25, ರಂಧ್ರ 17.3. ಉದ್ದವನ್ನು ಹಳೇ ಟ್ಯೂಬಿನಿಂದ ನಕಲು ಮಾಡುವ ಮೊದಲು ಅದರ ಮುಖಗಳು ಸವೆದಿವೆಯೇ ನೋಡಿ. ಹಬ್‌ನಲ್ಲಿ ಡೆಪ್ತ್ ಗೇಜ್ ಇಳಿಸಿ ಮತ್ತೊಮ್ಮೆ ತಾಳೆ ಹಾಕಿದ ಮೇಲೆಯೇ ಕಡೆಯಲು ಕೊಡಿ.

ಹಬ್ ಸುತ್ತ ಹೀಟ್ ಗನ್ ಆಡಿಸಿ 100 ಡಿಗ್ರಿ ಸೆಲ್ಸಿಯಸ್ ತನಕ ಬಿಸಿ ಮಾಡಬೇಕು, ನೀರಿನ ಹನಿ ಬಿದ್ದರೆ ಚುರ್ ಎನ್ನುವಷ್ಟು. ಅಲ್ಯೂಮಿನಿಯಂ ಗೂಡು 42 ವ್ಯಾಸಕ್ಕೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಬಿಗಿ ಹಿಡಿತ ಬಿಡಲು ಅದು ಸಾಕು. ಬೇರಿಂಗ್ ಅಷ್ಟು ಹೊತ್ತು ಪ್ಲಾಸ್ಟಿಕ್ ಚೀಲದಲ್ಲಿ ಫ್ರೀಜರ್ ಒಳಗೆ. ಹೀಗೆ ಮಾಡಿದರೆ ಮೊದಲ ಬೇರಿಂಗ್ ಸುತ್ತಿಗೆಯಿಲ್ಲದೆ ಇಳಿಯುವುದೂ ಉಂಟು. ಹೊಡೆಯಲೇಬೇಕಾದರೆ ಹೊರ ರಿಂಗಿಗೆ ಮಾತ್ರ ತಾಗುವ ಸಾಕೆಟ್ ಇಟ್ಟು ಹೊಡೆಯಬೇಕು. ಇಳಿಯುವ ತನಕ ಸದ್ದು ಮಂದ, ತಳಕ್ಕೆ ಕೂತ ಕ್ಷಣ ಅದು ಗಟ್ಟಿಯಾದ ಠಣ್ ಆಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಆಮೇಲೆ ಚಕ್ರ ತಿರುಗಿಸಿ, ಟ್ಯೂಬ್ ಇಟ್ಟು, ಎರಡನೇ ಬೇರಿಂಗ್. ಇದನ್ನು ತಳದ ತನಕ ಹೊಡೆಯುವ ಹಾಗಿಲ್ಲ. ಒಳ ರಿಂಗ್ ಟ್ಯೂಬಿಗೆ ತಾಗಿದ ಕೂಡಲೇ ನಿಲ್ಲಬೇಕು, ಹೊರ ರಿಂಗ್ ತಳದಿಂದ 0.1ರಷ್ಟು ಮೇಲೇ ಉಳಿಯುತ್ತದೆ. ತಿಳಿಯುವುದು ಹೇಗೆ? ನಾಲ್ಕೈದು ಹೊಡೆತಕ್ಕೊಮ್ಮೆ ಬೆರಳು ಹಾಕಿ ಟ್ಯೂಬನ್ನು ಅಡ್ಡಕ್ಕೆ ತಳ್ಳಿ. ಮೊದಲು ಗಡಗಡ ಅಲ್ಲಾಡುತ್ತದೆ. ಆಮೇಲೆ ತಳ್ಳಿದರೆ ಜಾರುತ್ತದೆ. ಜಾರುವುದೂ ಬಿಗಿಯಾಗಿ, ಬೆರಳಿಗೆ ತಡೆ ಸಿಕ್ಕಿದಾಗ ಸಾಕು. ಆ ಮೇಲೂ ಎರಡು ಬಾರಿಸಿದರೆ ಬೇರಿಂಗ್ ಅಡ್ಡ ಒತ್ತಡದಲ್ಲಿ ಕೂರುತ್ತದೆ, ತಿರುಗಿಸಿದರೆ ಮರಳು ಸಿಕ್ಕಂತೆ ಕರಕರ. ಹಾಗಾಗಿದ್ದರೆ ಎದುರಿನಿಂದ ಡ್ರಿಫ್ಟ್ ಇಟ್ಟು ಹಿಂದಕ್ಕೆ ಹೊಡೆಯುವ ಬದಲು ಹೊಸ ಬೇರಿಂಗ್ ಹಾಕುವುದೇ ಲೇಸು, ಒಳ ರಿಂಗಿಗೆ ಹೊಡೆದ ಪೆಟ್ಟು ಗುಂಡಿನ ಹಾದಿಯಲ್ಲಿ ತಗ್ಗು ಬಿಡುತ್ತದೆ.

ಹಿಂದಿನ ಚಕ್ರ: ಕ್ಯಾರಿಯರ್, ಚೈನ್, ಬ್ರೇಕ್

ಕ್ಯಾರಿಯರ್‌ನಲ್ಲಿ 6205 ಬೇರಿಂಗ್, ಅದರೊಳಗೆ 25 ಹೊರ ವ್ಯಾಸ, 20 ಒಳ ವ್ಯಾಸದ ಟೋಪಿ ಬುಷ್. ಬೇರಿಂಗ್ ಮುಟ್ಟದೆ, ಅದೇ ಆಕಾರದ ಟೋಪಿ ಬುಷ್ 17ರ ರಂಧ್ರದಲ್ಲಿ ಮಾಡಿಸಿದರೆ ಮುಗಿಯಿತು. ಈ ಬುಷ್ ಹಬ್‌ನ ಬೇರಿಂಗ್‌ಗೂ ಕ್ಯಾರಿಯರ್ ಬೇರಿಂಗ್‌ಗೂ ನಡುವಿನ ಕೊಂಡಿ. ಟೈರ್ ಬದಲಿಸುವಾಗ ಇದು ಕೈಜಾರಿ ಬಿದ್ದು, ಹಾಕದೆಯೇ ಚಕ್ರ ಜೋಡಿಸಿದರೆ ಮೇಲ್ನೋಟಕ್ಕೆ ಏನೂ ತಿಳಿಯುವುದಿಲ್ಲ. ನಟ್ ಬಿಗಿಯುತ್ತಲೇ ಹೋಗುತ್ತದೆ, ಆರ್ಮ್ ಒಳಕ್ಕೆ ಬಾಗುತ್ತದೆ. ಹಬ್ ರಬ್ಬರ್‌ಗಳು ಗಟ್ಟಿಯಾಗಿದ್ದರೆ, ಕ್ಯಾರಿಯರ್ ಕೈಯಲ್ಲಿ ಹಿಂದೆ ಮುಂದೆ ಆಡುತ್ತಿದ್ದರೆ ಈಗಲೇ ಬದಲಿಸಿ.

ರಿಮ್ ನಡುವಿನ ಲೆಕ್ಕ ಮುಂದಿನಂತೆಯೇ, ಹಳೇ ಚಕ್ರದಿಂದ ಬರೆದಿಟ್ಟ ಅಳತೆಗೆ ತಾಳೆ ಹಾಕಿ ಬುಷ್ ಉದ್ದ ತೆಗೆಯುವುದು. ಅದಾದ ಮೇಲೆ ಸ್ಪ್ರಾಕೆಟ್ 2.5 ಮಿ.ಮೀ. ಹೊರಗೆ ಬಂದು ನಿಂತಿತು. ಇಲ್ಲಿ ಆಸೆ ಹುಟ್ಟುವುದು ಇಡೀ ಚಕ್ರವನ್ನೇ 2.5 ಒಳಗೆ ತಳ್ಳೋಣ ಎಂದು. ತಳ್ಳಿದರೆ ಚೈನ್ ನೇರ, ಗಾಡಿ ಸೊಟ್ಟ. ಗೇರ್‌ಬಾಕ್ಸ್ ಸ್ಪ್ರಾಕೆಟ್ ಹಿಂದೆ ವಾಷರ್ ಹಾಕುವುದೂ ಬೇಡ, ಶಾಫ್ಟಿನ ಹಲ್ಲುಗಳ ಮೇಲೆ ಅದರ ಹಿಡಿತ ಅಷ್ಟು ಕಡಿಮೆಯಾಗುತ್ತದೆ. ಕ್ಯಾರಿಯರ್‌ನಲ್ಲಿ ಸ್ಪ್ರಾಕೆಟ್ ಕೂರುವ ಮುಖವನ್ನು ಲೇತ್‌ನಲ್ಲಿ 2.5 ಕಡೆಸಲಾಯಿತು. ಕಡೆಸುವ ಮೊದಲು ಅಲ್ಲಿ ಎಷ್ಟು ಮಾಂಸವಿದೆ ನೋಡಬೇಕು: ಎಂ8 ಬೋಲ್ಟ್ ಅಲ್ಯೂಮಿನಿಯಂಗೆ ಇಳಿಯುವುದಾದರೆ 12 ಮಿ.ಮೀ. ಎಳೆಯಾದರೂ ಸಿಗಬೇಕು. ಕೊನೆಗೆ ಹಿಂದಿನ ಸ್ಪ್ರಾಕೆಟ್ ಮುಖಕ್ಕೆ ಪಟ್ಟಿ ಹಿಡಿದು ಮುಂದಿನದಕ್ಕೆ ನೋಡಿದಾಗ ವ್ಯತ್ಯಾಸ 1 ಮಿ.ಮೀ. ಒಳಗಿದ್ದರೆ ಒಳ್ಳೆಯದು.

ಟೈರ್ ಸುತ್ತಳತೆ 2058ರಿಂದ 1928 ಮಿ.ಮೀ.ಗೆ ಇಳಿದಿದೆ, 6.3 ಶೇಕಡಾ. ಹಳೇ 45 ಹಲ್ಲಿನ ಸ್ಪ್ರಾಕೆಟ್ ಉಳಿಸಿದರೆ ಅದೇ ವೇಗಕ್ಕೆ ಎಂಜಿನ್ ಅಷ್ಟು ಹೆಚ್ಚು ಕೂಗುತ್ತದೆ. 42 ಹಲ್ಲು ಹಾಕಿದರೆ ಲೆಕ್ಕ ಬಹುತೇಕ ಮೊದಲಿನಂತೆಯೇ. ಮೂರು ಹಲ್ಲು ಕಡಿಮೆಯಾದರೆ ಚೈನ್ ಒಂದೂವರೆ ಕೊಂಡಿ ಉಳಿಯುತ್ತದೆ. 520 ಚೈನ್‌ನಲ್ಲಿ ಚಕ್ರ ಸುಮಾರು 12 ಮಿ.ಮೀ. ಹಿಂದೆ ಹೋಗಬೇಕಾಗುತ್ತದೆ. ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗವಿರಲಿಲ್ಲ. ಎರಡು ಕೊಂಡಿ ಕತ್ತರಿಸಿದ ಮೇಲೆ ಚಕ್ರ ಹಳೇ ಜಾಗಕ್ಕಿಂತ 4 ಮಿ.ಮೀ. ಮುಂದೆ ನಿಂತಿತು, ಚಿಕ್ಕ ಟೈರ್ ಆದ್ದರಿಂದ ಮುಂದೆ ತಾಗುವ ಪ್ರಶ್ನೆಯಿಲ್ಲ. ಅಗಲಕ್ಕೆ ಮಾತ್ರ ಕಣ್ಣಿಡಬೇಕು: ಟೈರ್ ಪಕ್ಕಕ್ಕೂ ಚೈನ್‌ಗೂ, ಟೈರ್‌ಗೂ ಆರ್ಮ್‌ಗೂ ಕನಿಷ್ಠ 5 ಮಿ.ಮೀ. ಇರಲಿ. ಶಾಕ್ ಕಳಚಿ ಚಕ್ರವನ್ನು ಪೂರ್ತಿ ಮೇಲಕ್ಕೆತ್ತಿ, ಮಡ್‌ಗಾರ್ಡ್ ಒಳಗಿನ ಬೋಲ್ಟ್ ತುದಿಗಳು ತಾಗುತ್ತವೆಯೇ ನೋಡಿದ ಮೇಲೆಯೇ ಮುಂದಿನ ಮಾತು.

ಹಿಂದಿನ ಕ್ಯಾಲಿಪರ್ ಬ್ರಾಕೆಟ್ ವಿಷಯದಲ್ಲಿ ಅಜಾಗ್ರತೆ ಸಲ್ಲದು. ಹೊಸ ಬ್ರಾಕೆಟ್‌ನ ರಂಧ್ರ 20, ಅದಕ್ಕೆ 17ರ ಬುಷ್ ಒತ್ತಿಸಿದರೆ ಆಕ್ಸಲ್ ಮೇಲೆ ಕೂರುತ್ತದೆ. ಆದರೆ ಬ್ರೇಕ್ ಹಿಡಿದಾಗ ಅದು ಚಕ್ರದ ಜೊತೆ ತಿರುಗದಂತೆ ತಡೆಯುವುದು ಯಾವುದು? ಹೊಸ ಮಾಡೆಲ್‌ನಲ್ಲಿ ಆರ್ಮ್ ಮೇಲಿನ ಕಟ್ಟು, ಹಳೇದರಲ್ಲಿ ಟಾರ್ಕ್ ರಾಡ್ (ಬ್ರಾಕೆಟನ್ನು ಆರ್ಮ್‌ಗೆ ಜೋಡಿಸಿ ಹಿಡಿಯುವ ಸರಳು). ಕಟ್ಟು ಇಲ್ಲದ ಆರ್ಮ್‌ಗೆ ಆ ಬ್ರಾಕೆಟ್ ಹಾಗೇ ಹಾಕಿದರೆ ಮೊದಲ ಬ್ರೇಕಿಗೇ ಕ್ಯಾಲಿಪರ್ ಸುತ್ತಿ ಹೋಸ್ ಕಿತ್ತು ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಇಲ್ಲಿ ಬ್ರಾಕೆಟ್‌ಗೆ ಮೊದಲೇ ಇದ್ದ ಕಿವಿಯಲ್ಲಿ ಹಳೇ ಟಾರ್ಕ್ ರಾಡ್‌ನ ಬೋಲ್ಟ್ ಹಿಡಿಯುವ ರಂಧ್ರ ಹಾಕಿ, ರಾಡನ್ನು ಆರ್ಮ್‌ನ ಮೂಲ ಕಿವಿಗೇ ಜೋಡಿಸಲಾಯಿತು. ಎರಡೂ ತುದಿಗೆ ನೈಲಾಕ್ ನಟ್.

ಮುಂದಿನ ಡಿಸ್ಕ್

ಎರಡೂ ಡಿಸ್ಕ್‌ನ ವ್ಯಾಸ 260 ಆದದ್ದು ಅನುಕೂಲ. ವ್ಯಾಸ ಬೇರೆಯಾಗಿದ್ದರೆ ಹೊಸ ಬ್ರಾಕೆಟ್ ಕಡೆಸಬೇಕಿತ್ತು. ಆದರೆ ಹಳೇ ಡಿಸ್ಕ್ ಎಡಗಾಲಿನಿಂದ 20.0 ದೂರದಲ್ಲಿತ್ತು, ಹೊಸದು 23.5ರಲ್ಲಿ. ಪಿನ್ ಮೇಲೆ ಜಾರುವ ಕ್ಯಾಲಿಪರ್ ಆದ್ದರಿಂದ 3.5 ಮಿ.ಮೀ. ತಾನೇ ಹೊಂದಿಕೊಂಡು ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಮೋಸ ಇರುವುದೇ ಅಲ್ಲಿ. ಕ್ಯಾಲಿಪರ್ ಮುಂದೆಯೂ ಪಿನ್ ಮೇಲೆ ಸಲೀಸಾಗಿ ಜಾರುತ್ತಿರಬೇಕು, ಅದಕ್ಕೆ ಬೇಕಾದ ದಾರಿ ಪಿನ್‌ನಲ್ಲಿ ಉಳಿದಿರಲಿಕ್ಕಿಲ್ಲ. ಬ್ರಾಕೆಟ್‌ಗೂ ಫೋರ್ಕ್‌ನ ಕಿವಿಗೂ ನಡುವೆ 3.5 ದಪ್ಪದ ಕಡೆದ ಉಕ್ಕಿನ ಬುಷ್ ಒಂದೊಂದು ಬೋಲ್ಟಿಗೆ ಒಂದೊಂದು. ಮೂರ್ನಾಲ್ಕು ತೆಳು ವಾಷರ್ ಪೇರಿಸುವುದಲ್ಲ. ಬೋಲ್ಟ್ ಮೊದಲಿನದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದದ್ದು ಹಾಕಿ, ತುದಿ ಡಿಸ್ಕ್‌ಗೆ ತಾಗದೆಂದು ಖಚಿತಪಡಿಸಿಕೊಳ್ಳಿ. ಪ್ಯಾಡ್ ಹೊಸದು, ಡಿಸ್ಕ್‌ನ ಓಲಾಟ 0.3 ಮೀರಬಾರದು.

ಜೋಡಿಸಿದ ಮೇಲೆ ಬದಲಾದದ್ದು

ಮುಂಭಾಗ 13.7, ಹಿಂಭಾಗ 20.7 ಮಿ.ಮೀ. ಇಳಿಯಿತು. ಹಿಂದೆ 7 ಹೆಚ್ಚು ಇಳಿದಿದೆ, ಫೋರ್ಕ್ ಪೈಪನ್ನು ಕ್ಲಾಂಪ್‌ನಲ್ಲಿ ಅಷ್ಟೇ ಮೇಲೆತ್ತಿ ಸಮ ಮಾಡೋಣ ಅನ್ನಿಸುತ್ತದೆ. ಮಾಡಲಿಲ್ಲ. ಮುಂದಿನ ಚಕ್ರ ಚಿಕ್ಕದಾದ್ದರಿಂದಲೇ ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷ ನೆಲಕ್ಕೆ ತಾಗುವ ಜಾಗದಿಂದ ಟೈರ್ ನೆಲಕ್ಕೆ ತಾಗುವ ಜಾಗಕ್ಕಿರುವ ದೂರ) 6ರಿಂದ 7 ಮಿ.ಮೀ. ಕಡಿಮೆಯಾಗಿ ಹ್ಯಾಂಡಲ್ ಹಗುರಾಗಿದೆ. ಹಿಂಭಾಗ ತುಸು ತಗ್ಗಿರುವುದು ಅದರಲ್ಲಿ ಸ್ವಲ್ಪವನ್ನು ಹಿಂದಿರುಗಿಸುತ್ತದೆ. ಅದನ್ನೂ ಕಿತ್ತುಕೊಂಡರೆ ವೇಗದಲ್ಲಿ ಹ್ಯಾಂಡಲ್ ಚಡಪಡಿಸುವುದು ಶುರುವಾಗಬಹುದು.

ಸೈಡ್ ಸ್ಟ್ಯಾಂಡ್ ಈಗ ಉದ್ದ. ಗಾಡಿ ನೆಟ್ಟಗೆ ನಿಂತು, ಸ್ವಲ್ಪ ತಾಗಿದರೂ ಬಲಕ್ಕೆ ಬೀಳುತ್ತದೆ. 18 ಮಿ.ಮೀ. ಕತ್ತರಿಸಿ ಪಾದ ಮತ್ತೆ ವೆಲ್ಡ್ ಮಾಡಲಾಯಿತು. ಸೆಂಟರ್ ಸ್ಟ್ಯಾಂಡ್ ಕೆಲಸ ಮಾಡುತ್ತದೆ, ಎತ್ತಲು ಮೊದಲಿಗಿಂತ ಬಲ ಬೇಕು ಅಷ್ಟೇ. ಸ್ಪೀಡೋಮೀಟರ್ ಮುಂದಿನ ಚಕ್ರದಿಂದ ಓಡುವುದರಿಂದ, ಡ್ರೈವ್‌ನ ಅನುಪಾತ ಹಳೇದರಂತೆಯೇ ಇದ್ದರೂ, 4.6 ಶೇಕಡಾ ಹೆಚ್ಚು ತೋರಿಸುತ್ತದೆ: ನಿಜವಾದ 60ಕ್ಕೆ ಸುಮಾರು 63. ಕಿಲೋಮೀಟರ್ ಎಣಿಕೆಯೂ ಹಾಗೆಯೇ, ಆಯಿಲ್ ಬದಲಿಸುವ ಲೆಕ್ಕಕ್ಕೆ ಅದರಿಂದ ನಷ್ಟವಿಲ್ಲ.

ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ನೋಡಲು ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ಉದ್ದದ ನೇರ ಪಟ್ಟಿ ತಾಗಿಸಿ ಮುಂದಕ್ಕೆ ಚಾಚಬೇಕು. ಟೈರ್ ಅಗಲ ಹಿಂದೆ 130, ಮುಂದೆ 100. ಮುಂದಿನ ಟೈರ್‌ಗೂ ಪಟ್ಟಿಗೂ ಒಂದೊಂದು ಕಡೆ 15 ಬರಬೇಕು. 14 ಮತ್ತು 16 ಬಂತು, ಸಾಕು.

ಆಕ್ಸಲ್ ನಟ್‌ಗೆ ಹಳೇ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್, ಯಾಕೆಂದರೆ ಆಕ್ಸಲ್ ಹಳೇದು. ಮುಂದಿನ ಪಿಂಚ್ ಬೋಲ್ಟನ್ನು (ಫೋರ್ಕ್ ಕಾಲು ಆಕ್ಸಲನ್ನು ಅಮುಕಿ ಹಿಡಿಯುವಂತೆ ಮಾಡುವ ಬೋಲ್ಟ್) ನಟ್ ಬಿಗಿ ಮಾಡಿ, ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಒತ್ತಿದ ಮೇಲೆ ಕೊನೆಗೆ ಬಿಗಿ ಮಾಡಬೇಕು. ಮೊದಲೇ ಬಿಗಿದರೆ ಕಾಲು ತನ್ನ ಜಾಗ ಹಿಡಿಯದೆ ಫೋರ್ಕ್ ಗಟ್ಟಿಯಾಗಿ ಓಡುತ್ತದೆ.

20 ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಡಿಸ್ಕ್ ಮುಟ್ಟದೆ ಹಬ್ ಮೇಲೆ ಕೈಯಿಡಿ. ಬೇರಿಂಗ್ ಇರುವ ಜಾಗ ಉಗುರುಬೆಚ್ಚಗಿದ್ದರೆ ಸರಿ, ಕೈ ಹಿಂತೆಗೆಯುವಷ್ಟು ಬಿಸಿಯಾಗಿದ್ದರೆ ಟ್ಯೂಬಿನ ಉದ್ದಕ್ಕೆ ಮರಳಿ ಹೋಗಬೇಕು. 500 ಕಿಲೋಮೀಟರ್ ಆದ ಮೇಲೆ ಮುಂದಿನ ಆಕ್ಸಲ್ ಒಮ್ಮೆ ಎಳೆದು ಎಡ ಬುಷ್‌ನ ಮುಖ ನೋಡಿ. ಒಳ ರಿಂಗ್ ಒತ್ತಿದ ಜಾಗದಲ್ಲಿ ಹೊಳೆಯುವ ಬಳೆಯ ಗುರುತು ಮೂಡಿರುತ್ತದೆ. ಸುತ್ತ ಒಂದೇ ಅಗಲವಿದ್ದರೆ ಹಾಗೇ ಗ್ರೀಸ್ ಸವರಿ ಮರಳಿ ಹಾಕಿ. ಒಂದು ಕಡೆ ದಪ್ಪ, ಎದುರು ಕಡೆ ಇಲ್ಲವೇ ಇಲ್ಲ ಎಂದಾದರೆ ಬುಷ್ ಸೊಟ್ಟ, ಇನ್ನೊಂದು ಕಡೆಸಬೇಕು.